ಇಲ್ಲದ ಹುಲಿಯ ಗಡಿ

ಹುಲಿಯ ಮೂತ್ರದಲ್ಲಿ ಗಂಧಸಾಲೆ ಅಕ್ಕಿಯ ಪರಿಮಳ ಇರುತ್ತದೆ ಎಂದಾಗ ನಮ್ಮಕ್ಕನೇ ನನ್ನನ್ನು ನೋಡಿ ನಕ್ಕಿದ್ದಳು. ನಗಲಿ. ನಾನು ಪಂಕಜಾಕ್ಷಿ, ಮೈಸೂರಿನ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಪರಿಮಳ ಬೆರೆಸಿದವಳು. ಕಣ್ಣು ಕಟ್ಟಿ ಕೂರಿಸಿದರೂ ಯಾವ ಎಣ್ಣೆ ಎಷ್ಟು ಹನಿ ಬಿದ್ದಿದೆ ಎಂದು ಮೂಸಿ ಹೇಳುತ್ತೇನೆ. ಆ ಜಂಬ ನನಗಿದೆ, ಇಲ್ಲ ಎನ್ನುವುದಿಲ್ಲ. ಆ ಜಂಬ ಏನು ಮಾಡಿತು ಎಂಬುದನ್ನೇ ಈಗ ಹೇಳಲು ಹೊರಟಿದ್ದೇನೆ.

ಒಂದು ದಿನ ಡಾಕ್ಟರ್ ಆರಾಧ್ಯ ಎಂಬ ಸಂಶೋಧಕರು ಕಾರ್ಖಾನೆಗೆ ಬಂದು, ಹೆಬ್ಬೆರಳಿನಷ್ಟು ಸೀಸೆಯೊಂದನ್ನು ನನ್ನ ಮುಂದಿಟ್ಟು, ಇದರಲ್ಲಿ ಏನೇನಿದೆ ಹೇಳಿ ಎಂದರು. ಮೂಸಿದೆ. ಗಂಧಸಾಲೆ ಅನ್ನ ಬಸಿದ ಗಂಜಿ, ಸೀದ ತುಪ್ಪ, ಅದರ ಕೆಳಗೆ ಹಳೆಯ ಬೆವರು, ಎಲ್ಲವನ್ನೂ ಹಿಡಿದಿಟ್ಟುಕೊಂಡ ಯಾವುದೋ ಜಿಡ್ಡು ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಆರು ಲಕ್ಷ ಕೊಟ್ಟು ತರಿಸಿದ ಯಂತ್ರ ಎರಡು ದಿನ ತಿಣುಕಿ ಹೇಳಿದ್ದನ್ನು ನಾನು ಒಂದು ಉಸಿರಿನಲ್ಲಿ ಹೇಳಿದ್ದೆನಂತೆ. ಅದು ಹುಲಿಯದು ಎಂದು ತಿಳಿಸಿದ ಮೇಲೆ ನಾನು ಎದ್ದುಹೋಗಿ ಎರಡು ಸಲ ಮುಖ ತೊಳೆದುಕೊಂಡು ಬಂದೆ. ತಿಂಗಳು ತುಂಬುವುದರೊಳಗೆ ಮುತ್ತುಗಬೆಟ್ಟ ಹುಲಿ ಅಭಯಾರಣ್ಯದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ.

ಆರಾಧ್ಯರ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಹುಲಿಗೆ ಬೇಲಿ ಇಲ್ಲ, ಕಲ್ಲು ನೆಟ್ಟ ಗಡಿ ಇಲ್ಲ. ಗಂಡು ಹುಲಿ ತನ್ನ ಸರಹದ್ದಿನ ಮರಗಳಿಗೆ ಗಂಧ ಚಿಮ್ಮಿಸುತ್ತ ತಿರುಗುತ್ತದೆ. ಇನ್ನೊಂದು ಗಂಡು ಬಂದು ಮೂಸಿದರೆ ಸಾಕು, ಇಲ್ಲಿ ಇರುವವನು ಯಾರು, ವಯಸ್ಸೆಷ್ಟು, ಗಟ್ಟಿಯಾಗಿದ್ದಾನೋ ನರಳುತ್ತಿದ್ದಾನೋ, ಬಂದುಹೋಗಿ ಎಷ್ಟು ದಿನವಾಯಿತು ಎಲ್ಲವೂ ತಿಳಿಯುತ್ತದೆ. ಗಂಧ ಹೊಸದಾಗಿದ್ದರೆ ಬಂದ ದಾರಿ ಹಿಡಿಯುತ್ತದೆ. ಹಳಸಿದ್ದರೆ ಮನೆ ಖಾಲಿ ಎಂದು ಒಳಕ್ಕೆ ನುಗ್ಗುತ್ತದೆ. ಹಾಗಾದರೆ ಸತ್ತ ಹುಲಿಯ ಗಂಧವನ್ನು ನಾವೇ ತಯಾರಿಸಿ, ವಾರವಾರವೂ ಹೊಸದಾಗಿ ಮರಗಳಿಗೆ ಹಚ್ಚುತ್ತ ಹೋದರೆ? ಕಾಡಿನ ಪಾಲಿಗೆ ಅವನು ಬದುಕಿಯೇ ಇರುತ್ತಾನಲ್ಲವೇ?

ಆ ಪ್ರಶ್ನೆಗೆ ಅವಸರವೂ ಇತ್ತು. ದೊಡ್ಡಯ್ಯ ಎಂದು ಎಲ್ಲರೂ ಕರೆಯುತ್ತಿದ್ದ ಗಂಡು ಹುಲಿ, ಯಾರೋ ಕಾಡುಹಂದಿಗೆ ಒಡ್ಡಿದ್ದ ಉರುಳಿಗೆ ಸಿಕ್ಕಿ ಸತ್ತುಹೋಗಿತ್ತು. ಅದರ ಹೆಣ್ಣು ಕೆಂಚಿಗೆ ನಾಲ್ಕು ತಿಂಗಳ ಮೂರು ಮರಿಗಳಿದ್ದವು. ಬಡಗಣ ಕಾಡಿನಲ್ಲಿ ಒಂದು ಪ್ರಾಯದ ಗಂಡು ಜಾಗ ಹುಡುಕುತ್ತ ಅಲೆಯುತ್ತಿತ್ತು. ಹೊಸ ಗಂಡು ಒಳಗೆ ಬಂತೆಂದರೆ ಹಳೆಯವನ ಮರಿಗಳನ್ನು ಉಳಿಸುವುದಿಲ್ಲ, ಕೊಂದುಹಾಕುತ್ತದೆ. ಮರಿಗಳಿಗೆ ಎರಡು ವರ್ಷ ತುಂಬುವವರೆಗೆ ಅವನನ್ನು ಗಡಿಯಾಚೆ ನಿಲ್ಲಿಸಬೇಕು. ನಮಗೆ ಇದ್ದ ಕೆಲಸ ಅಷ್ಟೇ.

ಗಂಧ ಮಾಡುವುದು ನನ್ನ ಪಾಲು. ಸುಮಾರು ನೂರು ಬಗೆಯ ದ್ರವ್ಯಗಳನ್ನು ಯಂತ್ರ ಅಳೆದು ಸುರಿಯುತ್ತಿತ್ತು. ಆದರೆ ದೊಡ್ಡಯ್ಯ ಇವತ್ತು ಹೊಟ್ಟೆ ತುಂಬ ಕಡವೆ ತಿಂದಿದ್ದಾನೆ, ಇವತ್ತು ಸಿಟ್ಟಿನಲ್ಲಿದ್ದಾನೆ ಎನ್ನುವುದನ್ನು ಯಂತ್ರಕ್ಕೆ ಯಾರು ಹೇಳಬೇಕು? ನಾನೇ. ಉಳಿದ ಪರಿಮಳವೆಲ್ಲ ಹಾರಿಹೋಗದಂತೆ ತಡೆಯುವ ಜಿಡ್ಡನ್ನು ಕೂಡಿಸುವುದರಲ್ಲಂತೂ ನನ್ನ ಹತ್ತೊಂಬತ್ತು ವರ್ಷದ ಅನುಭವವೆಲ್ಲ ಕೆಲಸಕ್ಕೆ ಬಂತು. ಮಳೆ ಬಿದ್ದರೂ ಆರು ದಿನ ನಿಲ್ಲುವ ಹಾಗೆ ಮಾಡಿಟ್ಟೆ.

ಹಚ್ಚುವುದು ಹೇಗೆ ಎಂಬುದೇ ತಲೆನೋವಾಯಿತು. ಮೊದಲು ಡ್ರೋನ್ ಹಾರಿಸಿ ಸಿಂಪಡಿಸಿದರು, ಅದರ ರೆಕ್ಕೆಯ ಗಾಳಿಗೆ ಗಂಧವೆಲ್ಲ ಎಲೆಗಳ ಪಾಲಾಯಿತು. ಮರಗಳಿಗೆ ಪಂಪು ಕಟ್ಟಿದರು, ಮೂರೇ ದಿನದಲ್ಲಿ ಆನೆಗಳು ಕಿತ್ತು ತುಳಿದು ಹಾಕಿದವು. ಕೊನೆಗೆ ಉಳಿದದ್ದು ಮನುಷ್ಯನ ಕಾಲು. ಹೀಗೆ ಬೇದೇಗೌಡ ನಮ್ಮ ಕೆಲಸಕ್ಕೆ ಬಂದ. ಅರಣ್ಯ ಇಲಾಖೆಯಲ್ಲಿ ಮೂವತ್ತು ವರ್ಷ ವಾಚರ್ ಆಗಿದ್ದವನು, ಐವತ್ತು ದಾಟಿದ ಸಣಕಲು ಆಸಾಮಿ, ಮಾತು ಕಡಿಮೆ. ನಾನು ಬೇದಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಮೇಡಮ್ಮೋರೆ ಎನ್ನುತ್ತಿದ್ದ. ಬೆನ್ನಿಗೆ ಸಣ್ಣ ಪಂಪು ಹೊತ್ತು ನಲವತ್ತು ಕಿಲೋಮೀಟರು ಗಡಿಯನ್ನು ನಾಲ್ಕು ದಿನಕ್ಕೊಮ್ಮೆ ಸುತ್ತುತ್ತಿದ್ದ. ಹುಲಿಯ ಬಾಲದ ಎತ್ತರಕ್ಕೆ ಸರಿಯಾಗಿ, ಬುಡ ಓರೆಯಾದ ಮರವನ್ನೇ ಆರಿಸಿ ಹಚ್ಚುತ್ತಿದ್ದ. ಹುಲಿ ಆರಿಸುವುದೂ ಅಂಥದ್ದನ್ನೇ.

ಗಡಿಯ ಉದ್ದಕ್ಕೂ ಮರಗಳಿಗೆ ಯಂತ್ರಮೂಗುಗಳನ್ನು ಕಟ್ಟಿದ್ದೆವು, ಜೊತೆಗೆ ಕ್ಯಾಮೆರಾ. ಯಾವ ಪ್ರಾಣಿ ಹಾದುಹೋದರೂ ಅದರ ವಾಸನೆ ಹಿಡಿದು ಕಂಟ್ರೋಲ್ ರೂಮಿನ ನಕ್ಷೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತಿದ್ದವು. ಬಡಗಣ ಗಂಡು ಮೊದಲ ಸಲ ಗಡಿಗೆ ಬಂದ ಮಧ್ಯಾಹ್ನ ನಾವೆಲ್ಲ ಊಟ ಬಿಟ್ಟು ಪರದೆಯ ಮುಂದೆ ನಿಂತಿದ್ದೆವು. ಅವನು ಮತ್ತಿಮರವನ್ನು ಮೂಸಿದ, ತುಟಿ ಎತ್ತಿ ಮೂತಿ ಸೊಟ್ಟ ಮಾಡಿದ, ಇನ್ನೊಮ್ಮೆ ಮೂಸಿದ, ಆಮೇಲೆ ತಿರುಗಿ ಹೊರಟುಹೋದ. ನನ್ನ ಸೀಸೆಯ ಹುಲಿಗೆ ಅಂಜಿ ನಿಜವಾದ ಹುಲಿ ಹೋಗಿಬಿಟ್ಟಿತು! ಆರಾಧ್ಯರು ಎಲ್ಲರಿಗೂ ಮೈಸೂರುಪಾಕು ತರಿಸಿದರು. ಅವತ್ತಿನಷ್ಟು ಹಿಗ್ಗು ನನಗೆ ಮತ್ತೆಂದೂ ಆಗಲಿಲ್ಲ.

ಬೇದಣ್ಣನ ಮನೆ ಕಾಡಂಚಿನ ಪೋಡಿನಲ್ಲಿತ್ತು. ಹತ್ತಿಪ್ಪತ್ತು ಮನೆಗಳ ಪುಟ್ಟ ಕೇರಿಗೆ ಅಲ್ಲಿ ಪೋಡು ಎನ್ನುತ್ತಾರೆ. ಭಾನುವಾರಗಳಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಅವನ ಹೆಂಡತಿ ಕೇತಮ್ಮ ಬೆಲ್ಲದ ಕಾಫಿ ಕಾಯಿಸಿಕೊಟ್ಟು, ಬಾಯಿ ತುಂಬ ಮಾತಾಡುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಮೂರು ಹುಲಿಮರಿಗಳಿಗೆ ಬೇದಣ್ಣ ಹೆಸರಿಟ್ಟಿದ್ದ: ಗಂಡು ಹಿರಿಯ, ಹೆಣ್ಣುಗಳಲ್ಲಿ ದೊಡ್ಡದು ನಡುವಿ, ಚಿಕ್ಕದು ಕಿರಿಗೂಸು. ನನಗೆ ಹುಟ್ದೇ ಇದ್ದೋವು ಇವ್ನಿಗೆ ಕಾಡ್ನಲ್ಲಿ ಹುಟ್ಟವ ಎಂದು ಕೇತಮ್ಮ ಅವನನ್ನು ಗೇಲಿ ಮಾಡುತ್ತಿದ್ದಳು. ಅವನು ನಕ್ಕು ಬೀಡಿ ಹಚ್ಚಿಕೊಳ್ಳುತ್ತಿದ್ದ. ಅವಳೂ ನಗುತ್ತಿದ್ದಳು, ಆದರೆ ಒಳಗೆಲ್ಲೋ ಚುರುಕ್ ಎನ್ನುತ್ತಿತ್ತು ಎಂದು ನನಗೆ ಗೊತ್ತು.

ಆ ಮನೆಯಲ್ಲಿ ಅವನ ಅಪ್ಪನ ಕಾಲದಿಂದ ಬಂದ ಒಂದು ನಿಯಮವಿತ್ತು. ಕಾಡಿಗೆ ಹೋಗಿಬಂದ ಬಟ್ಟೆ ಹೊಸಿಲು ದಾಟುವಂತಿಲ್ಲ. ಅಂಗಳದ ಬೇಲಿಯ ಮೇಲೆ ಹರಡಿ, ಮನೆಬಟ್ಟೆ ಉಟ್ಟು ಒಳಗೆ ಹೋಗಬೇಕು. ಕಾಡು ಮನೆಯೊಳಕ್ಕೆ ಬರಬಾರದು, ಮನೆ ಕಾಡೊಳಕ್ಕೆ ಹೋಗಬಾರದು ಎನ್ನುತ್ತಿದ್ದನಂತೆ ಅವನಪ್ಪ. ಆ ಬಟ್ಟೆಗೆ ಸೋಪು ಹಾಕುವಂತೆಯೂ ಇರಲಿಲ್ಲ. ಸೋಪಿನ ವಾಸನೆಗೆ ಪ್ರಾಣಿಗಳು ಬೆದರುತ್ತವೆ, ಬಿಸಿಲಿಗೆ ಒಣಗಿಸಿದರೆ ಸಾಕು. ನಮ್ಮ ಯೋಜನೆಯ ಪುಸ್ತಕದಲ್ಲೂ ಒಂದು ನಿಯಮವಿತ್ತು: ಗಂಧ ಹಚ್ಚುವವರು ಕ್ಯಾಂಪಿನಲ್ಲಿ ಸ್ನಾನ ಮಾಡಿ, ಅಂಗಿಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋಗಬೇಕು. ಕ್ಯಾಂಪು ಅವನ ದಾರಿಗೆ ನಾಲ್ಕು ಮೈಲಿ ಅಡ್ಡ. ಅಪ್ಪನ ನಿಯಮ ಇದಕ್ಕಿಂತ ಗಟ್ಟಿ ಎಂದುಕೊಂಡು ಅವನು ನೇರ ಮನೆಗೆ ಬರುತ್ತಿದ್ದ. ಹೊರಗೇ ಬಿಡ್ತೀನಲ್ಲ, ಒಳಕ್ಕೆ ತತ್ತೀನಾ ಎಂದು ಅವನ ಲೆಕ್ಕ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಆ ಬೇಲಿಯ ಪಕ್ಕದಲ್ಲೇ ಕೂತು ನಾನು ಕಾಫಿ ಕುಡಿದಿದ್ದೇನೆ. ಒಂದು ಭಾನುವಾರ ಗಾಳಿ ಬೀಸಿ ಆ ಖಾಕಿ ಅಂಗಿಯ ವಾಸನೆ ಮೂಗಿಗೆ ಬಡಿಯಿತು. ಎದ್ದುಹೋಗಿ ತೋಳನ್ನು ಹಿಡಿದು ಮೂಸಿದೆ. ಮೂರು ದಿನದ ಹಳೆಯ ಗಂಧ, ಇನ್ನೂ ನೆಟ್ಟಗೆ ನಿಂತಿದೆ! ನನ್ನ ಜಿಡ್ಡು ಎಂಥ ಜಿಡ್ಡು ಎಂದು ಹೆಮ್ಮೆಪಟ್ಟೆ. ಕೇತಮ್ಮನಿಗೂ ಮೂಸಿಸಿ, ನೋಡಿ ಕೇತಮ್ಮ, ಅನ್ನ ಬಸಿದ ಹಾಗಿಲ್ವಾ ಎಂದು ಕೇಳಿದೆ. ಒಂದು ಮರಕ್ಕೆ ಹಚ್ಚಬೇಕಾದ ಗಂಧ ಮನುಷ್ಯರ ಅಂಗಳದಲ್ಲಿ ನೇತಾಡುತ್ತಿದೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಮೂಗು ಅಷ್ಟು ಚುರುಕು, ಬುದ್ಧಿ ಇಷ್ಟು ಮೊಂಡು.

ಇನ್ನೊಂದು ತಪ್ಪನ್ನು ಗೊತ್ತಿದ್ದೇ ಮಾಡಿದೆ. ಮರಿಗಳಿಗೆ ಹತ್ತು ತಿಂಗಳಾದಾಗ ಕ್ಯಾಮೆರಾದಲ್ಲಿ ಒಂದು ನೋಟ ಕಂಡಿತು. ಬೇದಣ್ಣ ಮರಕ್ಕೆ ಗಂಧ ಹಚ್ಚಿ ಹತ್ತು ಹೆಜ್ಜೆ ಸರಿದು ಕೂತಿದ್ದಾನೆ. ಕೆಂಚಿ ಬೇಟೆಗೆ ಹೋದ ಹೊತ್ತು, ಪೊದೆಯಿಂದ ಮೂರೂ ಮರಿಗಳು ಬಂದವು. ಮರಕ್ಕೆ ಕೆನ್ನೆ ಉಜ್ಜಿದವು. ಆಮೇಲೆ ಅವನ ಕಡೆಗೆ ತಿರುಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಫ್ರುರ್ರ್ ಎಂದು ಉಸಿರು ಬಿಟ್ಟವು. ಹುಲಿಗಳು ತಮ್ಮವರನ್ನು ಕಂಡಾಗ ಮಾತ್ರ ಹಾಗೆ ಮಾಡುತ್ತವೆ. ಅಪ್ಪನನ್ನು ಅವು ನೆಟ್ಟಗೆ ನೋಡಿದವೇ ಅಲ್ಲ. ಆ ಗಂಧ ಹೊತ್ತು ನಾಲ್ಕು ದಿನಕ್ಕೊಮ್ಮೆ ತಪ್ಪದೆ ಬರುವ ಜೀವ ಇದೊಂದೇ. ಅವುಗಳ ಲೆಕ್ಕದಲ್ಲಿ ದೊಡ್ಡಯ್ಯ ಎಂದರೆ ಎರಡು ಕಾಲಿನವನು, ಖಾಕಿ ಅಂಗಿಯವನು, ಕೆಮ್ಮುವವನು.

ಬೇದಣ್ಣನನ್ನು ಕೇಳಿದೆ. ತಲೆ ತಗ್ಗಿಸಿ, ಎರಡು ತಿಂಗಳಿಂದ ಬತ್ತಾವ ಎಂದ. ಹೇಳಿದರೆ ತನ್ನನ್ನು ಕೆಲಸದಿಂದ ತೆಗೆಯುತ್ತಾರೆ, ಮರಿಗಳನ್ನು ನೋಡುವುದು ತಪ್ಪುತ್ತದೆ ಎಂದು ಹೆದರಿದ್ದ. ಕ್ಯಾಮೆರಾದ ಚಿತ್ರ ನೋಡುವವಳು ನಾನೊಬ್ಬಳೇ, ಆರಾಧ್ಯರಿಗೆ ನಾನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಆ ನೋಟ ನನಗೆ ಅಷ್ಟು ಇಷ್ಟವಾಗಿತ್ತು. ಬೇರೆ ಕಾರಣ ಏನೂ ಇಲ್ಲ.

ಮರಿಗಳಿಗೆ ಹದಿನಾರು ತಿಂಗಳು. ಒಂದು ಬುಧವಾರ ಬೆಳಿಗ್ಗೆ ಎಂಟು ಗಂಟೆ. ಬೇದಣ್ಣ ರೇಷನ್ ತರಲು ಕೆಳಗಿನ ಊರಿಗೆ ಹೋಗಿದ್ದ. ಕೇತಮ್ಮ ಬಾಗಿಲು ತೆಗೆದರೆ ಬೇಲಿಯ ಹತ್ತಿರ ಹುಲಿ ಕೂತಿದೆ. ಹಿರಿಯ. ಬೆಳೆದು ಅಪ್ಪನಷ್ಟೇ ಆಗಿದ್ದ. ಅಂಗಿಗೆ ಕೆನ್ನೆ ಉಜ್ಜುತ್ತಿದ್ದ, ಬಾಗಿಲ ಕಡೆ ನೋಡುತ್ತಿದ್ದ. ಕಟ್ಟಿದ ಕರು ಕೂತಂಗೆ ಕೂತಿತ್ತು ಕನವ್ವ, ನಂಗ ಹೆದ್ರಿಕೇನೇ ಆಗ್ನಿಲ್ಲ ಎಂದು ಅವಳು ಆಮೇಲೆ ಹೇಳಿದಳು. ಆದರೆ ಪಕ್ಕದ ಮನೆಯವರು ನೋಡಿ ಕೂಗಿಕೊಂಡರು. ಅರ್ಧ ಗಂಟೆಯಲ್ಲಿ ಕೆಳಗಿನ ಊರಿನ ಮುನ್ನೂರು ಜನ ದೊಣ್ಣೆ, ಕುಡುಗೋಲು, ಫೋನು ಹಿಡಿದು ಬಂದರು. ಆರಾಧ್ಯರು ಮತ್ತು ಅರಿವಳಿಕೆ ಬಂದೂಕಿನವರ ಜೊತೆ ನಾನೂ ಜೀಪಿನಲ್ಲಿ ಬಂದೆ. ಕಲ್ಲು ಬೀಳುತ್ತಿದ್ದರೂ ಹಿರಿಯ ಆ ಜಾಗ ಬಿಟ್ಟು ಕದಲಲಿಲ್ಲ. ಯಾರಿಗಾಗಿ ಕಾಯುತ್ತಿದ್ದಾನೆ ಎಂದು ಅಲ್ಲಿ ಗೊತ್ತಿದ್ದದ್ದು ನನಗೆ ಮತ್ತು ಕೇತಮ್ಮನಿಗೆ.

ಅಷ್ಟರಲ್ಲಿ ಬೇದಣ್ಣ ಅಕ್ಕಿಯ ಚೀಲ ಎಸೆದು, ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ಹಿರಿಯ ಅವನನ್ನು ಕಂಡ. ಎದ್ದ. ಫ್ರುರ್ರ್ ಎಂದ. ನಾಲ್ಕು ಹೆಜ್ಜೆ ಓಡಿಬಂದ. ಆ ಓಟ ಎಂಥದ್ದೆಂದು ನನಗೆ ಗೊತ್ತಿತ್ತು, ಕ್ಯಾಮೆರಾದಲ್ಲಿ ಎಷ್ಟೋ ಸಲ ನೋಡಿದ್ದೆ. ಉಳಿದವರಿಗೆ ಕಂಡದ್ದು ಮನುಷ್ಯನ ಮೇಲೆ ಏರಿ ಬರುತ್ತಿರುವ ಹುಲಿ. ಬಂದೂಕಿನವನು ಹೊಡೆದ. ಅವನದು ತಪ್ಪಲ್ಲ. ಚುಚ್ಚಿದ ಸೂಜಿಯೊಂದಿಗೆ ಹಿರಿಯ ಗಾಬರಿಬಿದ್ದು ಪೋಡಿನ ಕೆಳಗಿನ ಕಟ್ಟೆಯ ಕಡೆ ಓಡಿದ. ಮದ್ದು ತಲೆಗೇರುವ ಹೊತ್ತಿಗೆ ನೀರಿನಲ್ಲಿದ್ದ. ಮೊಣಕಾಲುದ್ದದ ನೀರು, ಅಷ್ಟೇ. ತಲೆ ಎತ್ತಲಾಗದೆ ಅದರಲ್ಲೇ ಮುಳುಗಿ ಸತ್ತ. ಬೇದಣ್ಣ ನೀರಿಗಿಳಿದು ಅದರ ಮೂತಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ನಾವು ಹತ್ತಿರ ಹೋಗುವ ಹೊತ್ತಿಗೆ ಉಸಿರು ನಿಂತಿತ್ತು.

ಆ ಅಂಗಿಯನ್ನು ಕೇತಮ್ಮ ಅವತ್ತೇ ಒಲೆಗೆ ಹಾಕಿದಳು. ಆರಾಧ್ಯರಿಗೆ ನಾನು ಎಲ್ಲವನ್ನೂ ಹೇಳಿದೆ, ಅಂಗಿಯ ವಿಷಯ, ಕ್ಯಾಮೆರಾದ ವಿಷಯ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ದಿನ ಕಂಟ್ರೋಲ್ ರೂಮಿನಲ್ಲಿ ಮೂವರೇ ಕೂತೆವು, ಆರಾಧ್ಯರು, ಬೇದಣ್ಣ, ನಾನು. ನಕ್ಷೆಯ ಮೇಲೆ ನಡುವಿ ಮತ್ತು ಕಿರಿಗೂಸಿನ ಚುಕ್ಕೆಗಳು. ಗಡಿಯಾಚೆ ಬಡಗಣ ಗಂಡಿನ ಚುಕ್ಕೆ, ಮೊದಲಿಗಿಂತ ಹತ್ತಿರ. ಗಂಧ ನಿಲ್ಲಿಸಿದರೆ ಎರಡು ವಾರದಲ್ಲಿ ಅವನು ಒಳಗೆ ಬರುತ್ತಾನೆ, ಎರಡನ್ನೂ ಕೊಲ್ಲುತ್ತಾನೆ. ಗಂಧ ಹಚ್ಚುತ್ತ ಹೋದರೆ, ಹಚ್ಚುವ ಮನುಷ್ಯನ ಬೆನ್ನು ಹಿಡಿದು ಇವೂ ಇವತ್ತಲ್ಲ ನಾಳೆ ಊರಿಗೆ ಬರುತ್ತವೆ. ಬೇರೆಯವರನ್ನು ಕಳಿಸಿದರೂ ಅಷ್ಟೇ, ಗಂಧ ಹೊತ್ತ ಎರಡು ಕಾಲು ಎಂದರೆ ಅವುಗಳಿಗೆ ಅಪ್ಪ. ಉಳಿದ ದಾರಿ ಒಂದೇ ಎಂದರು ಆರಾಧ್ಯರು. ಗಂಧ ಇರಬೇಕು, ಆದರೆ ಅದನ್ನು ಹೊತ್ತ ಮನುಷ್ಯನನ್ನು ಕಂಡರೆ ಅವು ಜೀವ ಬಿಟ್ಟು ಓಡಬೇಕು. ಅದನ್ನು ಕಲಿಸಬೇಕು. ಈವರೆಗೆ ಅವು ನಂಬಿ ಹತ್ತಿರ ಬಂದಿರುವುದು ಒಬ್ಬನ ಬಳಿ ಮಾತ್ರ, ಹಾಗಾಗಿ ಕಲಿಸಬೇಕಾದವನೂ ಅವನೇ.

ಬೇದಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎದ್ದು ಹೊರಟ. ಬಾಗಿಲಲ್ಲಿ ತಿರುಗಿ ಆರಾಧ್ಯರಿಗೆ ಒಂದೇ ಮಾತು ಹೇಳಿದ.

“ಸ್ವಾಮೇರ, ಇದುಕ್ಕಿಂತ ನನ್ನೇ ಹೊಡ್ದಾಕಿ.”

ಸಂಜೆ ಪೋಡಿಗೆ ಹೋದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಕೇತಮ್ಮ ರಾಗಿ ಕೇರುತ್ತಿದ್ದಳು. ಎಲ್ಲವನ್ನೂ ಅವಳಿಗೆ ವಿವರಿಸಿದೆ. ಮೊರವನ್ನು ಕೆಳಗಿಟ್ಟಳು. ಆಮೇಲೆ ಗಂಡನ ಹತ್ತಿರ ಹೋಗಿ, ಅವನ ಬೆನ್ನ ಮೇಲೆ ಕೈಯಿಟ್ಟಳು. ಗೇಲಿಯಿಲ್ಲದೆ ಅವಳು ಅವನೊಂದಿಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಹೊಡಿ. ನಿನ್ನ ಕಂಡ್ರ ಆಗ್ದಂಗ ಆಗ್ಲಿ. ಬದುಕ್ಕೊಂಡು ನಿನ್ನ ಹಗೆ ಮಾಡ್ಲಿ, ಸತ್ತು ನಿನ್ನ ಪಿರೂತಿ ಮಾಡದು ಬ್ಯಾಡ.”

ಅವನು ಮೂರು ದಿನ ಕೂಳು ಮುಟ್ಟಲಿಲ್ಲ. ನಾಲ್ಕನೆಯ ದಿನ ಕ್ಯಾಂಪಿಗೆ ಬಂದ. ರಬ್ಬರ್ ಗುಂಡಿನ ಬಂದೂಕು ಹಿಡಿದು ಇಬ್ಬರು ಗಾರ್ಡುಗಳು ಸಿದ್ಧರಾಗಿದ್ದರು. ಬೇರೆ ಯಾರೂ ಹೊಡೆಯಕೂಡದು, ಜೊತೆಗೂ ಬರಕೂಡದು ಎಂದ. ಹೊಲ ಕಾಯುವವರು ಹಕ್ಕಿ ಓಡಿಸಲು ಬೀಸುವ ಕವಣೆಯೊಂದನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ, ಜೇಬಿನಲ್ಲಿ ಪಟಾಕಿ. ನಾನು ಬರುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಇದು ನಮ್ಮಿಬ್ಬರ ಪಾಪ ಎಂದು ಅವನಿಗೂ ಅನ್ನಿಸಿರಬೇಕು. ನೂರು ಗಜ ದೂರದ ಅಟ್ಟಣೆಯ ಮೇಲೆ ನನ್ನನ್ನು ಹತ್ತಿಸಿ ಹೋದ.

ಮಧ್ಯಾಹ್ನದ ಬಿಸಿಲು. ಮತ್ತಿಮರಕ್ಕೆ ಗಂಧ ಹಚ್ಚಿ, ಎಂದಿನಂತೆ ಹತ್ತು ಹೆಜ್ಜೆ ಸರಿದು ಕೂತ. ಸ್ವಲ್ಪ ಹೊತ್ತಿಗೆ ನಡುವಿ ಬಂತು, ಹಿಂದೆ ಕಿರಿಗೂಸು. ಹಿರಿಯ ಬರುತ್ತಾನೇನೋ ಎಂದು ಕಿರಿಗೂಸು ಎರಡು ಸಲ ತಿರುಗಿ ನೋಡಿತು. ಬೇದಣ್ಣ ಪಟಾಕಿ ಹಚ್ಚಿ ಎಸೆದ. ನಡುವಿ ಚಂಗನೆ ಹಾರಿ ಕಾಡಿನೊಳಗೆ ಮಾಯವಾಯಿತು. ಅದಕ್ಕೆ ಅಷ್ಟೇ ಸಾಕಾಯಿತು.

ಕಿರಿಗೂಸು ಓಡಲಿಲ್ಲ. ಪಟಾಕಿ ಬೇರೆ ಯಾರದೋ, ಅಪ್ಪ ಇಲ್ಲೇ ಇದ್ದಾನಲ್ಲ ಎಂದುಕೊಂಡಿತೋ ಏನೋ, ಅವನ ಕಡೆಗೇ ಸರಿಯಿತು. ಅವನು ಕವಣೆ ಬೀಸಿದ. ಕಲ್ಲು ಭುಜಕ್ಕೆ ಬಿತ್ತು. ಅದು ಬೆಚ್ಚಿ ಕೂತು, ಕಲ್ಲನ್ನು ಮೂಸಿ, ಮತ್ತೆ ಅವನನ್ನು ನೋಡಿ ಫ್ರುರ್ರ್ ಎಂದಿತು. ಆಟ ಎಂದುಕೊಂಡಿತ್ತು. ಎರಡನೆಯ ಕಲ್ಲು ಮುಂಗಾಲಿಗೆ ಬಡಿಯಿತು. ಕುಂಟುತ್ತ ಇನ್ನೂ ಒಂದು ಹೆಜ್ಜೆ ಮುಂದೆ ಬಂತು, ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಿವಿ ಚಪ್ಪಟೆ ಮಾಡಿಕೊಂಡು. ತಪ್ಪು ಮಾಡಿದ ಮರಿಗಳು ತಾಯಿಯ ಮುಂದೆ ಹಾಗೆ ಬರುತ್ತವೆ. ಹೋಗು, ಹೋಗವ್ವ ಎಂದು ಅವನು ಅಳುತ್ತ ಕೂಗುತ್ತಿದ್ದದ್ದು ನನಗೆ ಅಟ್ಟಣೆಯವರೆಗೆ ಕೇಳುತ್ತಿತ್ತು. ಅವನ ದನಿ ಕೇಳಿದರೆ ಅದು ಇನ್ನಷ್ಟು ಹತ್ತಿರ ಬರುತ್ತಿತ್ತು. ಅದು ಗೊತ್ತಾಗಿ ಬಾಯಿ ಮುಚ್ಚಿಕೊಂಡ. ಮೂರನೆಯ ಕಲ್ಲನ್ನು ಗುರಿಯಿಟ್ಟು ಮೂತಿಗೆ ಹೊಡೆದ. ರಕ್ತ ಬಂತು. ಕಿರಿಗೂಸು ಹಿಂದಕ್ಕೆ ಹಾರಿ, ಮೊದಲ ಸಲ ಅವನ ಕಡೆ ಹಲ್ಲು ಕಿರಿದು ಗುರ್ ಎಂದು, ಓಡಿತು. ನಾನು ಇಳಿದು ಹೋಗುವಷ್ಟರಲ್ಲಿ ಅವನು ಅಲ್ಲೇ ವಾಂತಿ ಮಾಡಿಕೊಂಡು ಕೂತಿದ್ದ.

ಒಂದೇ ಸಲಕ್ಕೆ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಲ್ಕು ದಿನ ಬಿಟ್ಟು ಹೋದರೆ ಮೂತಿಯ ಗಾಯ ಇನ್ನೂ ಹಸಿಯಾಗಿದ್ದರೂ ಅದು ದೂರದಲ್ಲಿ ಬಂದು ನಿಂತಿತು. ಮತ್ತೆ ಕಲ್ಲು. ಹಾಗೆ ಆರು ಸಲ. ಆರನೆಯ ಸಲ ಅವನು ಕವಣೆಗೆ ಕೈ ಹಾಕುವ ಮೊದಲೇ, ಅವನ ಗಾಳಿ ಸೋಕಿದ ಕೂಡಲೇ, ಬಾಲ ಮುದುರಿ ಓಡಿತು. ಕಂಟ್ರೋಲ್ ರೂಮಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅವರಿಗೇನು ಗೊತ್ತು. ಸಂಜೆ ಬೇದಣ್ಣ ಬಂದು ಆ ಚಿತ್ರವನ್ನು ತೋರಿಸಿ ಎಂದ. ತೋರಿಸಿದೆ. ಇನ್ನೊಂದ್ಸಲ ಹಾಕಿ ಎಂದ. ನಾಲ್ಕು ಸಲ ನೋಡಿ, ಬದುಕ್ಕೊಳ್ತದ ಎಂದು ಹೇಳಿ ಎದ್ದುಹೋದ.

ಉಳಿದ ಏಳು ತಿಂಗಳು ಅವನೇ ಗಂಧ ಹಚ್ಚಿದ. ಬಡಗಣ ಗಂಡು ಗಡಿಯಲ್ಲೇ ಕಾದ. ಎರಡು ವರ್ಷ ತುಂಬಿದ ಮೇಲೆ ನಡುವಿ ಪೂರ್ವದ ಕಣಿವೆಗೆ ಹೋಯಿತು, ಕಿರಿಗೂಸು ಕೆರೆಯ ಸುತ್ತಲಿನ ಕಾಡನ್ನು ತನ್ನದು ಮಾಡಿಕೊಂಡಿತು. ನಾವು ಗಂಧ ನಿಲ್ಲಿಸಿದೆವು, ಬಡಗಣವನು ಒಳಗೆ ಬಂದ. ಸತ್ತ ಹುಲಿ ಅವತ್ತು ನಿಜವಾಗಿ ಸತ್ತಿತು. ಬೇದಣ್ಣ ಕೆಲಸಕ್ಕೆ ರಾಜೀನಾಮೆ ಕೊಟ್ಟ. ನಾನು ಕಂಟ್ರೋಲ್ ರೂಮಿನಲ್ಲೇ ಉಳಿದೆ.

ಮೂರು ವರ್ಷ ಅವನು ಕಾಡಿನ ಕಡೆ ತಲೆ ಹಾಕಲಿಲ್ಲ. ಹೋದ ಬೇಸಿಗೆಯಲ್ಲಿ ಕಿರಿಗೂಸು ಎರಡು ಮರಿ ಹಾಕಿದೆ ಎಂಬ ಸುದ್ದಿ ಅವನ ಕಿವಿಗೂ ಬಿತ್ತು. ಒಂದು ಬೆಳಿಗ್ಗೆ ಸಫಾರಿ ಗೇಟಿನಲ್ಲಿ ಪ್ರವಾಸಿಗರ ಸಾಲಿನಲ್ಲಿ ನಿಂತಿದ್ದ. ಮೀಸೆ ತಿದ್ದಿಸಿಕೊಂಡು, ತೊಳೆದು ಮಡಿಸಿಟ್ಟ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಸುಮ್ಮನೆ ಒಳಗೆ ಬಾ ಬೇದಣ್ಣ ಎಂದು ನಾನು ಕರೆದರೆ ಕೇಳದೆ ಟಿಕೆಟ್ ತೆಗೆದುಕೊಂಡ. ವ್ಯಾನಿನ ಕೊನೆಯ ಸೀಟಿನಲ್ಲಿ, ಮಕ್ಕಳು ಮರಿ ಕಟ್ಟಿಕೊಂಡು ಬಂದವರ ನಡುವೆ ಕೂತು ಹೋದ. ಕಾಟಿ ಕಂಡಿತು, ಜಿಂಕೆ ಕಂಡಿತು. ಹುಲಿ ಕಾಣಲಿಲ್ಲ. ಇನ್ನೊಂದು ವಾರ ಬಂದ. ಕಾಣಲಿಲ್ಲ.

ಮೂರನೆಯ ಸಲ ವ್ಯಾನು ಕೆರೆಯ ತಿರುವಿಗೆ ಬಂದಾಗ ನಾನು ಪರದೆಯ ಮುಂದೆ ಇದ್ದೆ. ಕಿರಿಗೂಸು ಮರಿಗಳೊಂದಿಗೆ ನೀರಿನಲ್ಲಿ ಮೈ ಚೆಲ್ಲಿ ಮಲಗಿತ್ತು. ಅವತ್ತು ಅದಾಗಲೇ ನಾಲ್ಕು ವ್ಯಾನುಗಳು ಹಾದುಹೋಗಿದ್ದವು, ಅದು ತಲೆಯನ್ನೂ ಎತ್ತಿರಲಿಲ್ಲ. ಐದನೆಯ ವ್ಯಾನು ಇನ್ನೂ ಬಿದಿರು ಮೆಳೆಯ ಹಿಂದಿರುವಾಗಲೇ ತಟ್ಟನೆ ಎದ್ದು ನಿಂತಿತು. ಗಾಳಿ ಮೂಸಿತು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿ, ಇನ್ನೊಂದನ್ನು ಮುಂದೆ ನೂಕಿಕೊಂಡು ಗುಡ್ಡದ ಕಡೆ ಓಡಿತು. ಹಿಂದಿನ ಎರಡು ವಾರದ ದಾಖಲೆ ತೆಗೆದು ನೋಡಿದೆ. ಅವನು ಬಂದ ಎರಡೂ ದಿನ ಹೀಗೇ ಆಗಿತ್ತು. ದೊಡ್ಡಯ್ಯನ ಗಂಧ ಅವನ ಮೈಯಿಂದ ಹೋಗಿ ಎಷ್ಟು ಕಾಲವಾಯಿತು. ಅದು ಹೆದರುತ್ತಿದ್ದದ್ದು ಬೇದಣ್ಣನ ಸ್ವಂತ ಮೈವಾಸನೆಗೆ.

ಸಫಾರಿ ಮುಗಿಸಿ ಅವನು ನನ್ನ ಕೋಣೆಗೆ ಬಂದ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅಲ್ಲಿ ಇದ್ದಳಾ ಮೇಡಮ್ಮೋರೆ ಎಂದು ಕೇಳಿದ. ಸುಳ್ಳು ಹೇಳಬೇಕು ಎಂದುಕೊಂಡಿದ್ದೆ. ಅವನ ಮುಖ ನೋಡಿ ಆಗಲಿಲ್ಲ. ಇದ್ದಳು, ನಿನ್ನ ಗಾಳಿ ಸೋಕಿ ಮರಿ ಕಚ್ಚಿಕೊಂಡು ಓಡಿಹೋದಳು, ಮೂರು ಸಲವೂ ಹಾಗೇ ಆಗಿದೆ ಎಂದೆ. ಅವನು ಅಳಲಿಲ್ಲ. ಎಲ್ಲಿಗೆ ಹೋದಳು ಎಂದು ಕೇಳಿದ. ಮೇಲಿನ ಬೋಳುಗುಡ್ಡಕ್ಕೆ ಎಂದೆ. ಆ ಗುಡ್ಡದ ಒಂದೊಂದು ಕಲ್ಲೂ ಅವನಿಗೆ ಗೊತ್ತು.

“ಅಲ್ಲಿ ನೀರಿಲ್ಲ,” ಎಂದ. “ಬ್ಯಾಸ್ಗ ಬೇರೆ. ನಾ ಬಂದ್ರ ಮರಿಗೋಳು ಒಣಗ್ತವ. ಇನ್ನು ನಾ ಬರದು ಬ್ಯಾಡ ಬುಡಿ.”

ಅವನು ಬಸ್ಸಿಗೆ ಹೋದ.

ಕಿರಿಗೂಸು ಎರಡು ದಿನ ಗುಡ್ಡ ಇಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮರಿಗಳನ್ನು ಕರೆದುಕೊಂಡು ಕೆರೆಗೆ ಬಂತು. ಬಹಳ ಹೊತ್ತು ದಡದಲ್ಲಿ ನಿಂತು ಗಾಳಿ ಮೂಸಿತು, ಆಮೇಲೆ ನೀರಿಗೆ ಬಾಯಿ ಹಚ್ಚಿತು. ಬೇದಣ್ಣನಿಗೆ ಫೋನು ಮಾಡಿ, ಕೆರೆಗೆ ಬಂದಳು, ನೀರು ಕುಡಿದಳು ಎಂದೆ.

ಮರಿಗಳೂ ಕುಡಿದವಾ ಎಂದು ಅವನು ಕೇಳಿದ.

ಕುಡಿದವು ಎಂದೆ.